ನದೀಮೂಲ ಕೇಳದವರು ಮಗುವಿನ ಮೂಲ ಕೇಳುವುದೇಕೆ?

ಕಳೆದ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭಕ್ಕೆ ಎಂದಿನಂತೆ ನಾವು ಮೂವರೂ ಹೋಗಿದ್ದೆವು. ಈಗ ಒಂಬತ್ತು ವರ್ಷದವಳಾದ ನನ್ನ ಮಗಳು ಮಕ್ಕಳ ಕಾರ್ಯಕ್ರಮದಲ್ಲಿ ಒಂದು ವಚನ ಹೇಳಿದಳು. ತಪ್ಪಿಲ್ಲದೆ ಹೇಳಿದಳು. ಆಮೇಲೆ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಅವಳ ತಲೆ ಸವರಿ, "ಪುಣೆಯೊಳಗ ಬೆಳೆದ ಕೂಸು ಎಷ್ಟು ಛಂದ ಕನ್ನಡ ಮಾತಾಡ್ತದ ನೋಡ್ರಿ!" ಎಂದು ಮೆಚ್ಚಿಕೊಂಡರು. ಪಕ್ಕದಲ್ಲಿದ್ದ ಮತ್ತೊಬ್ಬ ಮಹನೀಯರು ಅವರ ಕಿವಿಯ ಬಳಿ ಬಾಗಿ, ತಾವು ಪಿಸುಮಾತೆಂದು ತಿಳಿದಿದ್ದ ದನಿಯಲ್ಲಿ, "ಅದು ಅವರ ಸ್ವಂತ ಕೂಸಲ್ಲರೀ, ಸಂಸ್ಥೆಯಿಂದ ತಂದದ್ದು. ಯಾರ ರಕ್ತನೋ ಏನೋ" ಎಂದರು. ಹಿರಿಯರ ಕೈ ಮಗುವಿನ ತಲೆಯ ಮೇಲಿಂದ ತಾನಾಗಿ ಕೆಳಗಿಳಿಯಿತು.

ರಾತ್ರಿ ಮನೆಗೆ ಮರಳುವಾಗ ಕರ್ವೆ ರಸ್ತೆಯ ಸಿಗ್ನಲಿನಲ್ಲಿ ಸ್ಕೂಟರು ನಿಂತಿತ್ತು. ಮುಂದೆ ನಿಂತಿದ್ದ ಮಗಳು ಹಿಂದಿರುಗಿ ನೋಡದೆಯೇ ಕೇಳಿದಳು: "ಅಪ್ಪಾ, ನಂದು ಬ್ಯಾರೆ ರಕ್ತ ಏನು?"

ತಾನು ದತ್ತು ಬಂದವಳೆಂಬುದು ಅವಳಿಗೆ ಮಾತು ಕಲಿತಾಗಿನಿಂದ ಗೊತ್ತು. ಆ ಸುದ್ದಿಯಿಂದ ಅವಳಿಗೆ ನೋವಾಗಲಿಲ್ಲ. ಅದನ್ನು ಪಿಸುಗುಟ್ಟಿ ಹೇಳಬೇಕಾದ ಸಂಗತಿಯೆಂದು ಅಂದು ಮೊದಲ ಬಾರಿಗೆ ತಿಳಿಯಿತು, ನೋವಾದದ್ದು ಅದರಿಂದ.

ಆ ಮಹನೀಯರ ಹೆಸರು ಹೇಳಲು ನಾನು ಲೇಖನಿ ಹಿಡಿದಿಲ್ಲ. ಅದು ಅವರೊಬ್ಬರ ಮಾತಾಗಿದ್ದರೆ ಬರೆಯುತ್ತಲೂ ಇರಲಿಲ್ಲ. 2018ರಲ್ಲಿ ನಾವು ಮಗಳನ್ನು ಮನೆಗೆ ಕರೆತಂದಾಗಿನಿಂದ ಈ ಮಾತನ್ನು ಬೇರೆ ಬೇರೆ ಬಾಯಿಂದ, ಬೇರೆ ಬೇರೆ ಸಕ್ಕರೆ ಲೇಪಿಸಿ ಕೇಳಿದ್ದೇನೆ. ಕೇಳಿಸಿಕೊಂಡು ನಕ್ಕಿದ್ದೇನೆ. ಕೇಂದ್ರ ಸರಕಾರದ ಗುಮಾಸ್ತನಿಗೆ ಕೇಳಿಸಿಕೊಂಡು ನಗುವ ಅಭ್ಯಾಸ ಚೆನ್ನಾಗಿಯೇ ಇರುತ್ತದೆ. ಆದರೆ ಕೇಳಿಸಿಕೊಳ್ಳುವ ಕಿವಿ ಈಗ ನನ್ನದೊಂದೇ ಅಲ್ಲ. ಆದುದರಿಂದ ಈ ಬರಹ.

ನಾವು ದತ್ತು ತೆಗೆದುಕೊಳ್ಳುವ ವಿಚಾರ ಎತ್ತಿದಾಗ ನಮ್ಮವರಿಂದ ಬಂದ ಬುದ್ಧಿವಾದ ಮೂರು ಬಗೆಯದು. ಮೊದಲನೆಯದು, "ತಮ್ಮನ ಮಗನ್ನ ತಗೋಬಾರದೇನು? ಮನೀ ಆಸ್ತಿ ಮನ್ಯಾಗ ಉಳೀತದ." ಎರಡನೆಯದು, "ಹೊರಗಿಂದ ತರೂದಾದ್ರ ನಮ್ಮ ಪೈಕೀನ ನೋಡ್ರಿ, ಕುಲಾ ಗೋತ್ರಾ ಕೇಳ್ರಿ." ಮೂರನೆಯದನ್ನು ಬಾಗಿಲು ಮುಂದೆ ಮಾಡಿ ಹೇಳಿದರು: "ಯಾರಿಗೂ ಹೇಳಬ್ಯಾಡ್ರಿ. ಒಂದಾರು ತಿಂಗಳು ಬ್ಯಾರೆ ಊರಿಗೆ ವರ್ಗ ಮಾಡಿಸ್ಕೊಳ್ರಿ, ಕೂಸಿನ ಕೂಡ ವಾಪಸ್ ಬರ್ರಿ. ಕೂಸಿಗೂ ಗೊತ್ತಾಗಬಾರದು." ಈ ಮೂರೂ ಒಂದೇ ಬೇರಿನ ಕೊಂಬೆಗಳೆಂಬುದು ನನ್ನ ವಾದ. ಒಂದೊಂದಾಗಿ ನೋಡೋಣ.

ದತ್ತಕ ನಮಗೆ ಹೊಸದೇನಲ್ಲ. ಕಿತ್ತೂರಿನ ದೇಸಾಯಿಯವರು ತೆಗೆದುಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲವೆಂದೇ 1824ರಲ್ಲಿ ರಾಣಿ ಚೆನ್ನಮ್ಮ ಖಡ್ಗ ಹಿಡಿದಳು. ಪ್ರತಿ ವರ್ಷ ಆಕೆಯ ಭಾವಚಿತ್ರಕ್ಕೆ ಮಾಲೆ ಹಾಕುವ ನಾವು, ಆಕೆ ಯಾವ ಹಕ್ಕಿಗಾಗಿ ಹೋರಾಡಿದಳೆಂಬುದನ್ನು ಮಾತ್ರ ಮರೆಯುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಳ್ಳದಿದ್ದರೆ 1881ರಲ್ಲಿ ಮೈಸೂರು ರಾಜ್ಯ ಮರಳಿ ಒಡೆಯರ ಕೈಗೆ ಬರುತ್ತಿತ್ತೇ? ನಾವು ಅನ್ನ ತಿನ್ನುವ ಈ ಮಹಾರಾಷ್ಟ್ರದ ಕಥೆಯೂ ಅದೇ. ಪುಣೆಯ ಕೊನೆಯ ಪೇಶ್ವೆ ಎರಡನೆಯ ಬಾಜೀರಾಯರ ದತ್ತುಪುತ್ರ ನಾನಾಸಾಹೇಬರು. ನಮ್ಮ ನಿಪ್ಪಾಣಿಗೆ ಕೂಗಳತೆಯಲ್ಲಿರುವ ಕಾಗಲದ ಘಾಟಗೆ ಮನೆತನದಿಂದ 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತು ಹೋದವರೇ ಛತ್ರಪತಿ ಶಾಹೂ ಮಹಾರಾಜರು. 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಶೇಕಡಾ 50ರ ಮೀಸಲಾತಿ ತಂದ ಆ ದೊರೆಯನ್ನು ಕೊಲ್ಹಾಪುರದಲ್ಲಿ ಯಾರಾದರೂ "ಸ್ವಂತದವರಲ್ಲ" ಎನ್ನುವರೇ? ಎಂದು ನೋಡಲಿ!

ಅಂದರೆ ಗಾದಿಗೆ, ಜಹಗೀರಿಗೆ, ಹೊಲಕ್ಕೆ, ಪಿಂಡಕ್ಕೆ ದತ್ತಕವಾದರೆ ನಮಗೆ ಗೌರವ. ಒಂದು ಕೂಸಿಗೆ ಮನೆ ಬೇಕೆಂದು, ಒಂದು ಮನೆಗೆ ಕೂಸು ಬೇಕೆಂದು ಮಾಡಿದರೆ ಮಾತ್ರ ಸಂಶಯ. ಹಳೆಯ ದತ್ತಕದಲ್ಲಿ ಮನೆಯ ಅಗತ್ಯಕ್ಕೆ ತಕ್ಕ ಗಂಡುಮಗುವನ್ನು ಹುಡುಕುತ್ತಿದ್ದರು. ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವ ಅವಕಾಶ ನಮ್ಮ ಹಿಂದೂ ಕಾನೂನಿಗೆ ಸ್ಪಷ್ಟವಾಗಿ ಬಂದದ್ದೇ 1956ರ ಕಾಯಿದೆಯಿಂದ. ಈಗಿನ ಬಾಲನ್ಯಾಯ ಕಾಯಿದೆ ಈ ಕ್ರಮವನ್ನು ತಲೆಕೆಳಗು ಮಾಡಿದೆ: ಮೊದಲು ಮಗುವಿನ ಹಿತ, ಆಮೇಲೆ ಅದಕ್ಕೆ ಒಪ್ಪುವ ಮನೆ. ತಮ್ಮನ ಮಗನನ್ನು ತೆಗೆದುಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಹುಡುಗನಿಗೆ ತಂದೆತಾಯಿ ಇದ್ದಾರೆ, ಮನೆ ಇದೆ. ಅವನಿಗೆ ನಮ್ಮ ಅಗತ್ಯವಿರಲಿಲ್ಲ. ಅಗತ್ಯವಿದ್ದದ್ದು ನಮ್ಮ ಎರಡು ಎಕರೆ ಹೊಲಕ್ಕೆ.

ಇನ್ನು ರಕ್ತ ಮತ್ತು ಗೋತ್ರ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದಿದವನು. ಓದಿದ್ದೆಲ್ಲ ಫೈಲುಗಳ ಧೂಳಿನಲ್ಲಿ ಮರೆತುಹೋಗಿದ್ದರೂ ಮೆಂಡೆಲನ ಬಟಾಣಿ ಗಿಡಗಳು ನೆನಪಿನಲ್ಲಿವೆ. 1866ರಲ್ಲಿ ಆ ಪಾದ್ರಿ ಪ್ರಕಟಿಸಿದ ಪ್ರಬಂಧದಲ್ಲಿ ಗಿಡದ ಎತ್ತರ, ಹೂವಿನ ಬಣ್ಣ, ಕಾಳಿನ ನುಣುಪು ಇಂಥ ಏಳು ಲಕ್ಷಣಗಳು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಬಗೆ ಇದೆ. ಕಣ್ಣಿನ ಬಣ್ಣ, ಕೂದಲಿನ ಗುಂಗುರು, ಕೆಲವು ಕಾಯಿಲೆಗಳು ಹೆತ್ತವರಿಂದ ಬರುತ್ತವೆಂಬುದು ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸತ್ಯವಂತಿಕೆ, ಹಿರಿಯರಲ್ಲಿ ಭಕ್ತಿ, ಪಂಕ್ತಿಯಲ್ಲಿ ಕುಳಿತು ಪರರ ಮಗುವಿನ ಬಗ್ಗೆ ಮಾತಾಡಬಾರದೆಂಬ ಸಭ್ಯತೆ, ಇವು ಯಾವ ಕ್ರೋಮೊಸೋಮಿನಲ್ಲಿ ಕುಳಿತಿವೆಯೆಂದು ಯಾವ ಪಠ್ಯಪುಸ್ತಕದಲ್ಲೂ ನಾನು ಓದಿಲ್ಲ.

ಗೋತ್ರದ ಲೆಕ್ಕವನ್ನೂ ಮಾಡಿ ನೋಡಿ. ತಂದೆ ತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದೆ ಎಂಟು. ಹೀಗೆ ಹತ್ತನೆಯ ತಲೆಮಾರಿಗೆ ಹೋದರೆ 1,024 ಸ್ಥಾನಗಳಾಗುತ್ತವೆ. ಗೋತ್ರ ಹೇಳುವುದು ಅವರಲ್ಲಿ ಒಬ್ಬನ ವಿಳಾಸವನ್ನು ಮಾತ್ರ. ಉಳಿದ 1,023 ಮಂದಿಯ ಗತಿ ಏನು? ಇನ್ನೊಂದು ಮಾತು. ನನ್ನ ಹೆಂಡತಿ ಮದುವೆಯ ದಿನ ತನ್ನ ತವರಿನ ಗೋತ್ರ ಬಿಟ್ಟು ನನ್ನ ಗೋತ್ರಕ್ಕೆ ಬಂದಳು. ಒಂದು ಮುಹೂರ್ತದಲ್ಲಿ, ನಾಲ್ಕು ಮಂತ್ರಗಳಲ್ಲಿ ಇಪ್ಪತ್ತೈದು ವರ್ಷದ ಹೆಣ್ಣಿನ ಗೋತ್ರ ಬದಲಾಗಬಹುದಾದರೆ, ಹದಿನಾಲ್ಕು ತಿಂಗಳ ಕೂಸಿನದು ಬದಲಾಗದೇ? ಋಷಿಮೂಲ, ನದೀಮೂಲ ಕೇಳಬಾರದೆಂದು ಗಾದೆ ಮಾಡಿದವರು ನಮ್ಮ ಹಿರಿಯರು. ಸೀತೆಯನ್ನು ನೇಗಿಲ ಸಾಲಿನಿಂದ ಎತ್ತಿಕೊಂಡ ಜನಕನನ್ನು ರಾಜರ್ಷಿಯೆಂದು, ಕಾಡಿನಲ್ಲಿ ಬಿಟ್ಟ ಶಕುಂತಲೆಯನ್ನು ಸಾಕಿದ ಕಣ್ವರನ್ನು ಮಹರ್ಷಿಯೆಂದು ಕೈಮುಗಿಯುವವರೂ ನಾವೇ. ದೇವರ ಕೋಣೆಯಲ್ಲಿ ಒಂದು ನ್ಯಾಯ, ಊಟದ ಪಂಕ್ತಿಯಲ್ಲಿ ಇನ್ನೊಂದು ನ್ಯಾಯವೇ?

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಗುಟ್ಟು. ಗುಟ್ಟಾಗಿಡಬೇಕೆಂಬ ಹಟದಿಂದಲೇ ಜನ ಹಿಂಬಾಗಿಲು ಹುಡುಕುವುದು. ನಮಗೂ ಅಂಥ ಬಾಗಿಲೊಂದು ತೆರೆದಿತ್ತು. ಪರಿಚಯದವರೊಬ್ಬರು ಒಂದು ಖಾಸಗಿ ಹೆರಿಗೆ ಆಸ್ಪತ್ರೆಯ ಹೆಸರೆತ್ತಿ, "ಹೆಸರು ನೇರವಾಗಿ ನಿಮ್ಮದೇ ಹಾಕಿಸಿ ಜನನ ಪ್ರಮಾಣಪತ್ರ ಕೊಡ್ತಾರ. ಕಾಯೂದಿಲ್ಲ, ಕೇಳೂದಿಲ್ಲ" ಎಂದರು. ಎಷ್ಟು ಹಣವೆಂದೂ ಹೇಳಿದರು. ನಮ್ಮಾಕೆ ಒಂದೇ ಪ್ರಶ್ನೆ ಕೇಳಿದಳು: "ಆ ಕೂಸಿನ ಅವ್ವ ಒಪ್ಪ್ಯಾಳೇನು?" ಪರಿಚಯದವರು ಚಹಾದ ಲೋಟ ಕೆಳಗಿಟ್ಟರು.

ಓದುಗರು ದಯವಿಟ್ಟು ತಿಳಿಯಬೇಕು, ಇದು ದತ್ತಕವಲ್ಲ, ಖರೀದಿ. 2015ರ ಬಾಲನ್ಯಾಯ ಕಾಯಿದೆಯ 81ನೆಯ ಕಲಮಿನ ಪ್ರಕಾರ ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ. ಆಸ್ಪತ್ರೆಯ ಸಿಬ್ಬಂದಿ ಮಾಡಿದರೆ ಮೂರರಿಂದ ಏಳು ವರ್ಷ. ಸಜೆಯ ಮಾತಿರಲಿ. ಹಾಗೆ ತಂದ ಮಗುವಿನ ಕೈಯಲ್ಲಿ ಇರುವುದು ಸುಳ್ಳು ಕಾಗದ. ನಾಳೆ ಆಸ್ತಿಯ ಪಾಲು ಬಂದಾಗ ಯಾವ ದಾಯಾದಿ ಬೇಕಾದರೂ ಅದನ್ನು ಕೋರ್ಟಿಗೆಳೆಯಬಹುದು. ಗುಟ್ಟಿನಿಂದ ಮಗುವನ್ನು ರಕ್ಷಿಸಿದೆವೆಂದು ತಿಳಿಯುವವರು ಕಣ್ಣುಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ.

ನೇರ ದಾರಿ ಹೇಗಿದೆ? ತೊರೆದ, ಅನಾಥವಾದ ಅಥವಾ ಹೆತ್ತವರು ಒಪ್ಪಿಸಿದ ಮಗು ಮೊದಲು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 60 ದಿನಗಳ ಅವಕಾಶವಿದೆ. ತೊರೆದ ಮಗುವಾದರೆ ಹೆತ್ತವರಿಗಾಗಿ ಹುಡುಕಾಟ ನಡೆಯಬೇಕು. ಆಮೇಲಷ್ಟೇ ಸಮಿತಿ ಅದನ್ನು ದತ್ತುಮುಕ್ತವೆಂದು ಸಾರುತ್ತದೆ. ನಮ್ಮಾಕೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿ ಮಾತ್ರ ಸಿಗುತ್ತದೆ. ಇತ್ತ ನಾವು ಕೇಂದ್ರದ 'ಕಾರಾ' ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಸಮಾಜ ಕಾರ್ಯಕರ್ತೆ ಮನೆಗೆ ಬಂದು ನೋಡಿ ವರದಿ ಬರೆಯುತ್ತಾಳೆ. ಸರದಿ ಬಂದಾಗ ಮಗುವಿನ ವಿವರ ಕಾಣಿಸುತ್ತದೆ. 48 ಗಂಟೆಯೊಳಗೆ ತೀರ್ಮಾನಿಸಿ ತಿಳಿಸಬೇಕು. ಆ ಅರ್ಜಿಯಲ್ಲಿ ವಯಸ್ಸು ಕೇಳಬಹುದು, ಗಂಡೋ ಹೆಣ್ಣೋ ಹೇಳಬಹುದು. ಜಾತಿಗೆ ಅಲ್ಲಿ ಕಾಲಮಿಲ್ಲ. ಕಾಲಮುಗಳನ್ನು ತುಂಬುತ್ತಲೇ ಜೀವ ಸವೆಸಿದ ನನಗೆ ಇಲ್ಲದ ಒಂದು ಕಾಲಮನ್ನು ನೋಡಿ ಅಷ್ಟು ಸಂತೋಷವಾದದ್ದು ಅದೇ ಮೊದಲು.

"ಖಾಸಗಿ ಸಂಸ್ಥೆಗಳು ವ್ಯಾಪಾರ ಮಾಡುತ್ತವೆ" ಎನ್ನುವವರಿದ್ದಾರೆ. ಅವರ ಅಂಜಿಕೆ ಸುಳ್ಳಲ್ಲ. ವಿದೇಶಕ್ಕೆ ಹೋಗುವ ಮಕ್ಕಳ ದುರ್ಗತಿಯ ಬಗ್ಗೆ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸಿ, 1984ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿಯವರು ನಿಯಮಗಳನ್ನು ಹಾಕಿಕೊಟ್ಟರು. ಅಷ್ಟಾದರೂ ನಮ್ಮ ಪುಣೆಯ ಪ್ರೀತ್ ಮಂದಿರ ಸಂಸ್ಥೆಯ ಪ್ರಕರಣ ಮುಂಬಯಿ ಹೈಕೋರ್ಟಿನ ಮೆಟ್ಟಿಲೇರಿ 2010ರಲ್ಲಿ ಸಿ.ಬಿ.ಐ. ತನಿಖೆಗೆ ಹೋದುದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಆದರೆ ಅದೇ ಊರಿನಲ್ಲಿ, ಸಸೂನ್ ಆಸ್ಪತ್ರೆಯ ಮಿತ್ರಮಂಡಳಿಯವರ 'ಶ್ರೀವತ್ಸ', ಹಾಗೆಯೇ 'ಭಾರತೀಯ ಸಮಾಜ ಸೇವಾ ಕೇಂದ್ರ' ದಶಕಗಳಿಂದ ಮಕ್ಕಳಿಗೆ ಮನೆ ಕೊಡಿಸುತ್ತ ಬಂದಿವೆ ಎಂಬುದನ್ನೂ ಓದಬೇಕು. ಒಂದು ಹೊಟೆಲಿನ ಊಟ ಕೆಟ್ಟಿತೆಂದು ಯಾರೂ ಅನ್ನ ಬಿಡುವುದಿಲ್ಲ. ಮೇಲಾಗಿ, 2015ರ ಆಗಸ್ಟಿನಿಂದ ಯಾವ ಮಗು ಯಾವ ಮನೆಗೆ ಎಂಬುದು ಸಂಸ್ಥೆಯ ಮರ್ಜಿಗೆ ಬಿಟ್ಟದ್ದಲ್ಲ. ದೇಶಕ್ಕೆಲ್ಲ ಒಂದೇ ಸರದಿ. ಶುಲ್ಕ ನಿಗದಿಯಾದದ್ದು, ರಸೀದಿ ಇರುವಂಥದ್ದು. ರಸೀದಿ ಇಲ್ಲದೆ ಹಣ ಕೇಳಿದರೆ ಎದ್ದು ಬನ್ನಿ.

ಈ ದಾರಿಯಲ್ಲಿ ಕಲ್ಲುಮುಳ್ಳುಗಳಿಲ್ಲವೆಂದು ನಾನು ಹೇಳಲಾರೆ. ಕಾಯುವ ಕಾಲ ದೀರ್ಘ. ನಮಗೆ ಎರಡು ವರ್ಷ ಹಿಡಿಯಿತು, ಆಮೇಲಿನವರಿಗೆ ಮೂರು ವರ್ಷಕ್ಕೂ ಮಿಕ್ಕಿ ಹಿಡಿಯುತ್ತಿದೆ. 2024-25ರಲ್ಲಿ ಇಡೀ ದೇಶದಲ್ಲಿ ಈ ಪ್ರಾಧಿಕಾರದ ಮೂಲಕ ಆದ ದತ್ತಕಗಳು 4,515. ಅದೇ ಹೆಚ್ಚಿನದೆಂದು ಸರಕಾರ ಹೇಳಿಕೊಂಡಿತು. ನೂರನಲವತ್ತು ಕೋಟಿ ಜನರ ದೇಶದಲ್ಲಿ! ನಮ್ಮ ಸರಕಾರಿ ನಿಯಮಗಳನ್ನೂ ನೋಡಿ. ದತ್ತು ತೆಗೆದುಕೊಂಡ ಮಹಿಳಾ ನೌಕರರಿಗೆ 180 ದಿನ, ಪುರುಷ ನೌಕರನಿಗೆ 15 ದಿನ ರಜೆಯುಂಟು, ಆದರೆ ಮಗು ಒಂದು ವರ್ಷದೊಳಗಿನದಾಗಿರಬೇಕು. ನನ್ನ ಮಗಳಿಗೆ ಹದಿನಾಲ್ಕು ತಿಂಗಳು. ಎರಡು ತಿಂಗಳು ತಡವಾಗಿ ಬಂದ ತಪ್ಪಿಗೆ ನಾನು ಗಳಿಕೆ ರಜೆ ಹಾಕಿದೆ. ಒಂದು ವರ್ಷ ದಾಟಿದ ಮಗುವಿಗೆ ಹೊಸ ಮನೆಯ ಭಯ ಹೆಚ್ಚೋ ಕಡಿಮೆಯೋ? ಮೊದಲ ಹನ್ನೊಂದು ರಾತ್ರಿ ಅವಳು ಮಲಗಿದ್ದು ನನ್ನ ಶರ್ಟಿನ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ. ನಿಯಮ ಬರೆದವರು ಆ ಮುಷ್ಟಿಯನ್ನು ಬಿಡಿಸಿ ನೋಡಬೇಕಿತ್ತು. ನೌಕರರ ಸಂಘಗಳು ತುಟ್ಟಿಭತ್ಯೆಯ ಜೊತೆಗೆ ಇದನ್ನೂ ಕೇಳಲಿ.

ಆದರೆ ನಿಯಮಗಳನ್ನು ಅರ್ಜಿ ಬರೆದು ತಿದ್ದಿಸಬಹುದು. ನಮ್ಮ ಮನಸ್ಸನ್ನು ತಿದ್ದಲು ಯಾರಿಗೆ ಅರ್ಜಿ ಬರೆಯೋಣ? ಎಲ್ಲರೂ ಎಳೆಯ ಕೂಸಿಗೇ ಸಾಲುಗಟ್ಟುವುದರಿಂದ ಆರು, ಎಂಟು ವರ್ಷದ ಮಕ್ಕಳು, ಏನಾದರೂ ದೈಹಿಕ ತೊಂದರೆ ಇರುವ ಮಕ್ಕಳು ಸಂಸ್ಥೆಯಲ್ಲೇ ಉಳಿಯುತ್ತಾರೆ. ಎಳೆಯ ಕೂಸೇ ಏಕೆ? "ನೆನಪಿರಬಾರದು" ಎಂದು. ಮತ್ತೆ ಅದೇ ಗುಟ್ಟು.

ನಾವು ಮಾಡಿದ್ದಿಷ್ಟು. ಅವಳಿಗೆ ಕಥೆ ಕೇಳುವ ವಯಸ್ಸು ಬರುತ್ತಲೇ ಅವಳದೇ ಕಥೆ ಹೇಳಿದೆವು: ನಾವು ಕಾದದ್ದು, ಫೋನು ಬಂದದ್ದು, ನಾನು ಅವಸರದಲ್ಲಿ ಎರಡು ಬೇರೆ ಬೇರೆ ಚಪ್ಪಲಿ ಮೆಟ್ಟಿಕೊಂಡು ಹೋದದ್ದು. ಆ ಚಪ್ಪಲಿಯ ಭಾಗಕ್ಕೆ ಪ್ರತಿ ಸಲವೂ ನಗುತ್ತಾಳೆ. ಅವಳನ್ನು ಹೆತ್ತಾಕೆಯ ವಿಷಯ ಬಂದಾಗ, ನಮಗೆ ತಿಳಿದಷ್ಟನ್ನು ಗೌರವದಿಂದ ಹೇಳಿದ್ದೇವೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳು ದತ್ತು ಬಂದವಳೆಂಬುದು ಗುಟ್ಟಲ್ಲ. ಆದರೆ ಅವಳ ಮೂಲ ಅವಳ ಸ್ವತ್ತು, ನಮ್ಮ ನಿಮ್ಮ ಹರಟೆಯ ಸರಕಲ್ಲ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲವನ್ನು ಹುಡುಕಲು ನಿಯಮದಲ್ಲಿ ಅವಳಿಗೆ ದಾರಿಯಿದೆ. ಹುಡುಕುತ್ತೇನೆಂದರೆ ರೈಲಿನ ಟಿಕೇಟು ನಾನೇ ತೆಗೆಸಿಕೊಡುತ್ತೇನೆ.

ಬಚ್ಚಿಡದೆ ಬೆಳೆಸಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಊರಿನದೇ ಸಾಕ್ಷಿಯಿದೆ. 1979ರಲ್ಲಿ ಪುಣೆಯಲ್ಲಿ ಹುಟ್ಟಿದ ಒಂದು ಹೆಣ್ಣುಕೂಸನ್ನು 'ಶ್ರೀವತ್ಸ'ದಿಂದ ಸ್ಥಳೇಕರ ದಂಪತಿಗಳು ದತ್ತು ತೆಗೆದುಕೊಂಡರು. ಆ ಕೂಸೇ ಲೀಸಾ ಸ್ಥಳೇಕರ. ಆಸ್ಟ್ರೇಲಿಯದ ಪರವಾಗಿ ಆಡಿ, ಮಹಿಳೆಯರ ಏಕದಿನ ಕ್ರಿಕೆಟ್ಟಿನಲ್ಲಿ 1,000 ರನ್ನು ಮತ್ತು 100 ವಿಕೆಟ್ಟು ಎರಡನ್ನೂ ಗಳಿಸಿದ ಮೊದಲ ಆಟಗಾರ್ತಿ, 2013ರಲ್ಲಿ ವಿಶ್ವಕಪ್ ಗೆದ್ದ ತಂಡದವಳು. ತಾನು ದತ್ತು ಬಂದವಳೆಂಬುದನ್ನು ಆಕೆ ಎಂದೂ ಮುಚ್ಚಿಟ್ಟವಳಲ್ಲ. ಎಲ್ಲ ಮಕ್ಕಳೂ ಲೀಸಾ ಆಗಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಮಗಳು ಗಣಿತದಲ್ಲಿ ನನ್ನಷ್ಟೇ ದಡ್ಡಿಯಾದರೂ ಸಾಕು. ತನ್ನ ಬಾಳನ್ನು ತಾನೇ ಪಿಸುಮಾತಿನಲ್ಲಿ ಹೇಳಿಕೊಳ್ಳುವ ಗತಿ ಅವಳಿಗೆ ಬರಬಾರದು, ಅಷ್ಟೇ.

ಸಂಘದ ಬಂಧುಗಳಲ್ಲಿ ನನ್ನ ವಿನಂತಿಗಳು ಮೂರೇ. "ಸ್ವಂತ ಮಗಳಲ್ಲ" ಎನ್ನಬೇಡಿ. 1956ರ ಕಾಯಿದೆಯಿರಲಿ, 2015ರದಿರಲಿ, ದತ್ತು ಮಗು ಎಲ್ಲ ದೃಷ್ಟಿಯಿಂದಲೂ ಆ ಮನೆಯ ಮಗುವೇ. "ಪುಣ್ಯದ ಕೆಲಸ ಮಾಡಿದಿರಿ" ಎಂದು ನಮ್ಮನ್ನು ಹೊಗಳಲೂ ಬೇಡಿ. ನಿಮ್ಮ ಮಕ್ಕಳನ್ನು ಸಾಕಿದ್ದಕ್ಕೆ ನಿಮ್ಮನ್ನು ಯಾರಾದರೂ ಹೊಗಳಿದ್ದಾರೆಯೇ? ಮಗುವಿಗಾಗಿ ಕಾಯುತ್ತಿರುವ ದಂಪತಿಗಳು ನಿಮ್ಮ ಪರಿಚಯದಲ್ಲಿದ್ದರೆ, ಅವರಿಗೆ ಹಿಂಬಾಗಿಲಿನ ವಿಳಾಸ ಕೊಡಬೇಡಿ.

ಸಿಗ್ನಲಿನಲ್ಲಿ ಮಗಳು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನೂ ಹೇಳಿಬಿಡುತ್ತೇನೆ. ಮನೆಗೆ ಹೋದವನೇ ಕಪಾಟಿನಿಂದ ಎಲ್ಲರ ವೈದ್ಯಕೀಯ ಕಾಗದಗಳನ್ನು ತೆಗೆದು ಅವಳ ಮುಂದೆ ಹರಡಿದೆ. ನನ್ನದು ಬಿ ಪಾಸಿಟಿವ್. ನನ್ನ ಒಡಹುಟ್ಟಿದ ತಮ್ಮನದು ಎ ಪಾಸಿಟಿವ್. ನಾಳೆ ನನಗೆ ರಕ್ತ ಬೇಕಾದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅವನದು ನನಗೆ ಆಗುವುದಿಲ್ಲ. ಮಗಳ ಕಾಗದವನ್ನು ಅವಳೇ ಓದಿದಳು: ಬಿ ಪಾಸಿಟಿವ್. "ಹಂಗಾದ್ರ ನಿನಗ ನಾ ಕೊಡಬಹುದು" ಎಂದಳು. "ದೊಡ್ಡಾಕಿ ಆದ ಮ್ಯಾಲೆ" ಎಂದೆ. ಆದರೆ, ಮಹನೀಯರೇ, ಅದು ಎ ಇದ್ದರೂ, ಓ ಇದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ. ಕಾಗದ ತೆಗೆಯುವ ಅಗತ್ಯ ಬಂದದ್ದು ನಿಮ್ಮ ಮಾತಿನಿಂದ.

ಇಂಥ ಲೇಖನದ ಕೊನೆಯಲ್ಲಿ, ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆಯಿರಲಿ ಎಂದು ಬರೆಯುವುದು ವಾಡಿಕೆ. ಈ ಸಲ ನಾನು ಅದನ್ನು ಬರೆಯುವುದಿಲ್ಲ. ಬರುವ ಸಮಾರಂಭಕ್ಕೂ ನಾವು ಮೂವರೂ ಬರುತ್ತೇವೆ. ಅವಳು ಈಗಾಗಲೇ ಇನ್ನೊಂದು ವಚನ ಬಾಯಿಪಾಠ ಮಾಡುತ್ತಿದ್ದಾಳೆ.